ಬಾಡಿಗೆ ಮನೆಯಲ್ಲಿ ಕೊಂಬಿನ ಸವತಿ

ಇವತ್ತು ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕಿದೆ. ಹಾಲು ಕಾಯಿಸಿ ಇವರಿಗೆ ಕಾಫಿ ಕೊಟ್ಟೆ, ನನ್ನದನ್ನು ಮರೆತು ಆರಿದ ಮೇಲೆ ಕುಡಿದೆ. ಅವರೆಕಾಳು ನೆನೆಹಾಕಿದೆ. ರಾಗಿ ಹಸನು ಮಾಡಿ ಮಿಷನ್ನಿಗೆ ಕಳಿಸಿದೆ. ಇವರ ಎರಡು ಪಂಚೆಗೆ ನೀಲಿ ಹಾಕಿ ಹಿಂಡಿ ಹಿತ್ತಿಲಲ್ಲಿ ಹರವಿದೆ. ಊಟವಾದ ಮೇಲೆ ಸುಮ್ಮನೆ ಕೂರಲಾರದೆ ಅಟ್ಟ ಹತ್ತಿ ಗುಡಿಸುತ್ತಿದ್ದೆ. ಹಳೇ ಚಾಪೆಯ ಸುರುಳಿಯಿಂದ ಒಂದು ಹಿತ್ತಾಳೆ ಗಂಟೆ ಉರುಳಿ ಠಣ್ ಎಂದಿತು.

ಕೆಳಗೆ ರೇಡಿಯೊ ಕೇಳುತ್ತಾ ಕೂತಿದ್ದ ನಮ್ಮ ಯಜಮಾನರು ಥಟ್ಟನೆ ಕತ್ತೆತ್ತಿ, "ಕರಿಯಾ?" ಎಂದರು.

ಕರಿಯ ಎಂದರೆ ಆ ಗಂಟೆ ಕಟ್ಟಿಕೊಂಡಿದ್ದ ನಮ್ಮ ಟಗರು, ಸತ್ತು ಎಷ್ಟೋ ಕಾಲವಾಯಿತು. ಇವರಿಗೂ ಅದು ಗೊತ್ತು. ಮರುಗಳಿಗೆಗೇ ನಕ್ಕು, "ನೀನಾ? ಹುಷಾರು ಕಣೇ, ಏಣಿ ಅಲ್ಲಾಡ್ತದೆ" ಎಂದರು. ಆದರೆ ಆ ಮೊದಲ "ಕರಿಯಾ?" ಇತ್ತಲ್ಲ, ಅದರಲ್ಲಿ ಎಂಥ ಜೀವವಿತ್ತು ಅಂತೀರಿ! ನಾನು ತವರಿಗೆ ಹೋಗಿ ತಿಂಗಳು ಬಿಟ್ಟು ಬಂದಾಗಲೂ ನನ್ನ ಹೆಸರನ್ನು ಇವರು ಹಾಗೆ ಕರೆದದ್ದಿಲ್ಲ. ವಯಸ್ಸಾದ ಹೆಂಗಸು ಸತ್ತ ಟಗರಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಚೆಂದವೇ ಎಂದು ನೀವು ಕೇಳಬಹುದು. ಚೆಂದವಲ್ಲ. ಆದರೂ ಅಟ್ಟದ ಮೇಲೆ ಪೊರಕೆ ಹಿಡಿದು ಕೂತು ಚೆನ್ನಾಗಿಯೇ ಪಟ್ಟೆ.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ನಮ್ಮ ತವರು ಚಿಕ್ಕನಾಯಕನಹಳ್ಳಿ. ಅಲ್ಲಿ ಅಟ್ಟದ ಮೇಲಿನ ತೆಂಗಿನಕಾಯಿ ಮೊಳೆತರೆ ಅಮ್ಮ ಅದನ್ನು ಒಡೆದು, ಒಳಗೆ ಬೆಳೆದ ಮೆತ್ತನೆಯ ಸಿಹಿ ಉಂಡೆಯನ್ನು ತಂಗಿಗೆ ಕೊಡುತ್ತಿದ್ದಳು. "ಅವಳು ಬಡಕಲು ಕಣೇ, ನಿಂಗೇನು, ಕಲ್ಲುಗುಂಡು" ಎನ್ನುತ್ತಿದ್ದಳು. ಬಡಕಲಾಗಬೇಕೆಂದು ನಾನು ಒಂದು ಹೊತ್ತು ಉಪವಾಸ ಮಾಡಿ ನೋಡಿದೆ. ಸಂಜೆಗೆ ಹಸಿವು ತಡೆಯದೆ ಎರಡು ಮುದ್ದೆ ತಿಂದೆ. ಕಲ್ಲುಗುಂಡಾಗಿಯೇ ಬೆಳೆದೆ, ಕಲ್ಲುಗುಂಡಾಗಿಯೇ ಮದುವೆಯಾಗಿ ತಿಪಟೂರಿಗೆ ಬಂದೆ.

ಇವರು ಇಲ್ಲಿ ಮೇಷ್ಟ್ರಾಗಿದ್ದರು. ಇದ್ದಕ್ಕಿದ್ದಂತೆ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎನ್ನತೊಡಗಿದರು. ಬೆಂಗಳೂರಿನ ಡಾಕ್ಟರು ಕಣ್ಣಿನೊಳಗೆ ಒತ್ತಡ ಎಂದರು, ಹನಿ ಹಾಕಿದರು, ಆಪರೇಷನ್ ಮಾಡಿದರು. ಪಕ್ಕದ ನೋಟ ಮೊದಲು ಹೋಯಿತು, ಆಮೇಲೆ ಎದುರಿನದು. ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಹೊರಗೆ ಹೊರಟರೆ ನನ್ನ ಎಡ ಹೆಗಲ ಮೇಲೆ ಕೈ ಇಡುತ್ತಿದ್ದರು. ಮಠಕ್ಕೆ, ಕ್ಷೌರದಂಗಡಿಗೆ, ಹಳೇ ಸ್ಕೂಲಿನ ಜಗುಲಿಗೆ, ಎಲ್ಲಿಗಾದರೂ ಅಷ್ಟೇ. ನನ್ನ ರವಿಕೆಗಳೆಲ್ಲ ಎಡ ಹೆಗಲಿನಲ್ಲೇ ಮೊದಲು ಸವೆಯುತ್ತಿದ್ದವು. ಪಕ್ಕದ ಮನೆಯ ರತ್ನಮ್ಮ ಅದನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದಳು. ನನಗೆ ಮಾತ್ರ ಆ ಸವೆದ ಜಾಗ ಒಂದು ಒಡವೆಯ ಹಾಗಿತ್ತು. ತೇಪೆ ಹಾಕುವಾಗ ಎಲ್ಲರಿಗೂ ಕಾಣುವಂತೆ ಜಗುಲಿಯಲ್ಲೇ ಕೂತು ಹಾಕುತ್ತಿದ್ದೆ.

ಆಗ ಬಂದದ್ದು ಕರಿಯ. ಹುಳಿಯಾರು ಕಡೆಯ ಹಟ್ಟಿಯೊಂದರಲ್ಲಿ ಕುರಿ ಸಾಕುವವರ ಹುಡುಗ ಇವರ ಹತ್ತಿರ ಓದಿದ್ದ. ಅವನ ಅಪ್ಪ ಒಂದು ದಿನ ಕಂಬಳಿಯೊಳಗೆ ಏನನ್ನೋ ಮುಚ್ಚಿಕೊಂಡು ಬಂದ. "ತಾಯಿ ಸತ್ತೋಯ್ತು ಮೇಷ್ಟ್ರೇ. ಬಾಟ್ಲಿ ಹಾಲು ಹಾಕಿ, ಬದುಕ್ತದೆ. ನಿಮ್ಗೂ ಹೊತ್ತು ಹೋಯ್ತದೆ" ಎಂದು ಕರೀ ಮರಿಯೊಂದನ್ನು ಇವರ ಮಡಿಲಿಗೆ ಬಿಟ್ಟ. ಹಾಲು ಕಾಯಿಸಿದ್ದು ನಾನು, ಬಾಟಲಿ ತೊಳೆದದ್ದು ನಾನು, ಕುಡಿಸಿದ್ದು ಮಾತ್ರ ಇವರು. ಮರಿಗೆ ಒಲೆಯ ಮುಂದೆ ಬೇಯುವವಳು ಕಾಣುತ್ತಾಳೆಯೇ? ಬಾಟಲಿ ಹಿಡಿದವರೇ ತಾಯಿ, ತಂದೆ, ಮಂದೆ ಎಲ್ಲ ಆದರು.

ಬೆಳೆದು ಕೊಂಬು ಮೂಡಿದ ಮೇಲೆ ಒಂದು ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಇವರು ಕ್ಷೌರ ಮಾಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಟಗರಿನ ಹಗ್ಗ!

"ಯಾರು ಕರ್ಕೊಂಡೋದ್ರು?" ಎಂದೆ.

"ಇವನೇ. ಚರಂಡಿ ಬಂದ್ರೆ ನಿಂತ. ಗುಂಡಿ ಬಂದ್ರೆ ಸುತ್ತಿ ಬಳಸಿ ಹೋದ. ನೀರು ನಿಂತಿದ್ರೆ ಜಪ್ಪಯ್ಯ ಅಂದ್ರೂ ಹೆಜ್ಜೆ ಇಡಲಿಲ್ಲ. ಕುರಿಗೆ ಕಾಲು ಒದ್ದೆಯಾದ್ರೆ ಆಗಲ್ಲ ಕಣೇ, ನನಗೂ ಆಗಲ್ಲ. ಒಳ್ಳೇ ಜೋಡಿ."

ದೋಸೆ ಸೀದಿತು.

ಅಂದಿನಿಂದ ದಿನಾ ಅದೇ ಜೋಡಿ. ನಾನು ಜಗಳ ಆಡಲಿಲ್ಲವೆಂದಲ್ಲ. "ನನ್ ಜೊತೆ ಬಂದ್ರೆ ಏನು ಮುಳ್ಳು ಚುಚ್ತದಾ?" ಎಂದು ಕೇಳಿದ್ದೆ. ಇವರು ಸ್ವಲ್ಪ ಯೋಚಿಸಿ ಹೇಳಿದರು: "ನಿನ್ ಜೊತೆ ಹೊರಟ್ರೆ ನೀನು ಕರ್ಕೊಂಡೋದ ಕಡೆಗೆ ಹೋಗ್ತೀನಿ. ಇವನ ಜೊತೆ ಹೊರಟ್ರೆ ನಾನು ಹೋಗೋ ಕಡೆಗೆ ಹೋಗ್ತೀನಿ." ಮಾತು ಸರಿಯಾಗಿದ್ದದ್ದರಿಂದ ಇನ್ನಷ್ಟು ಸಿಟ್ಟು ಬಂತು. ಆ ಸಲದ ದೀಪಾವಳಿಗೆ ಹೊಲಿಸಿದ ರವಿಕೆಯ ಎರಡು ಹೆಗಲೂ ಒಂದೇ ಸಮ ಉಳಿದವು. ರತ್ನಮ್ಮ ಕಣ್ಣರಳಿಸಿ, "ಮಂಗಳಮ್ಮ, ನಿಮ್ ಸವತಿಗೆ ಕೊಂಬು ಬಂದ್ವಲ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಳು. ಸವತಿ ಗಂಡಾಗಿದ್ದರೇನು, ಸವತಿ ಸವತಿಯೇ.

ನಮ್ಮ ಮನೆ ಕೊಬ್ಬರಿ ಮಂಡಿಗಳ ಬೀದಿಯಲ್ಲಿತ್ತು. ಲಾರಿಗಳ ಗಲಾಟೆ, ಹಮಾಲರ ಕೂಗು. ಕಣ್ಣಿದ್ದಾಗ ಇವರಿಗೆ ಅದು ಕೇಳುತ್ತಲೇ ಇರಲಿಲ್ಲ. ಕಣ್ಣು ಹೋದ ಮೇಲೆ ಎಲ್ಲ ತಲೆಯೊಳಗೇ ನಡೆದಂತಾಯಿತು. ಬೇಸಗೆಗೆ ಒಂದು ತಿಂಗಳು ಎಲ್ಲಾದರೂ ತೋಟದ ಕಡೆ ಮನೆ ಬಾಡಿಗೆಗೆ ಹಿಡಿದು ಇದ್ದು ಬನ್ನಿ ಎಂದು ಡಾಕ್ಟರು ಹೇಳಿದರು. ನನಗೆ ಒಳಗೊಳಗೇ ಖುಷಿ. ಗೊತ್ತಿಲ್ಲದ ಊರಿನಲ್ಲಿ ಟಗರಿಗೆ ದಾರಿ ಎಲ್ಲಿ ಗೊತ್ತಿರುತ್ತದೆ? ನನ್ನ ಹೆಗಲೇ ಗತಿ ಎಂದುಕೊಂಡೆ.

ಮೊದಲು ಕೇಳಿದ್ದು ಸಂಪಿಗೆ ಎಂಬ ಊರಿನಲ್ಲಿ, ಶ್ರೀನಿವಾಸನ ಗುಡಿಗೆ ಬಂದವರಿಗೆ ಕೊಡುವ ಒಂದು ಮನೆ. ಮನೆಯವರು ಒಳ್ಳೆಯವರು. "ಮೇಷ್ಟ್ರಿಗೆ ಇಲ್ಲ ಅಂತೀವಾ? ಆದ್ರೆ ಟಗರು ನಡುಮನೆಗೆ ಬರಂಗಿಲ್ಲ, ಕೊಟ್ಟಿಗೇಲಿ ಕಟ್ಟಿ" ಎಂದರು. ನ್ಯಾಯವಾದ ಮಾತು. ಇವರು ತಕ್ಷಣ, "ಹಾಗಾದ್ರೆ ನನ್ ಹಾಸಿಗೇನೂ ಕೊಟ್ಟಿಗೇಲಿ ಹಾಕ್ಸಿ" ಎಂದುಬಿಟ್ಟರು. ನನ್ನ ಬಾಣಂತನದಲ್ಲಿ ತೊಟ್ಟಿಲಿನ ಪಕ್ಕ ಮಲಗಿ ಎಂದರೆ ಸೊಳ್ಳೆ ಎಂದು ಜಗುಲಿಗೆ ಓಡಿದ ಮಹಾನುಭಾವರು ಇವರೇ! ಆ ಮನೆ ತಪ್ಪಿತು.

ಕೊನೆಗೆ ದಂಡಿನಶಿವರದ ಶಿವನಂಜಮ್ಮ ಒಪ್ಪಿದರು. ಒಂಟಿ ಹೆಂಗಸು, ಗಟ್ಟಿ ಗಂಟಲು, ಹಣೆ ತುಂಬ ವಿಭೂತಿ. ತೋಟದ ಅಂಚಿನ ಆ ಮನೆಯ ಅಟ್ಟದ ತುಂಬ ಕೊಬ್ಬರಿಯಾಗಲೆಂದು ಕೂಡಿಟ್ಟ ಕಾಯಿ. ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದರು.

"ಟಗರು ಯಾವ ದೇವ್ರಿಗೆ?"

"ದೇವ್ರಿಗಲ್ಲ ಕಣಮ್ಮ. ನನಗೆ ದಾರಿ ತೋರಿಸೋಕೆ" ಎಂದರು ಇವರು.

"ದಾರಿ ತೋರ್ಸೋಕೆ ಹೆಂಡ್ರು ಅವ್ರಲ್ಲ?"

ಆ ಒಂದು ಮಾತಿಗೆ ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಇವರು ಜಾಣತನದಿಂದ ಕೆಮ್ಮಿದರು.

"ನೋಡ್ರೀ, ಕಡಿಯೋದಾದ್ರೆ ಮೊದ್ಲೇ ಹೇಳ್ಬುಡಿ. ನಮ್ದು ಲಿಂಗ ಕಟ್ಟಿದ ಮನೆ."

"ನಮ್ದೂ ಅದೇ ಕಣ್ರಮ್ಮ" ಎಂದೆ.

ಅಷ್ಟರಲ್ಲಿ ಕರಿಯ ಅಂಗಳದಲ್ಲಿ ಒಂದಷ್ಟು ಹಿಕ್ಕೆ ಉದುರಿಸಿದ. ಇನ್ನು ಮುಗಿಯಿತು ಎಂದುಕೊಂಡೆ. ಶಿವನಂಜಮ್ಮನ ಮುಖ ಮಾತ್ರ ಅರಳಿತು. ತೆಂಗಿನ ತೋಟದವರಿಗೆ ಕುರಿ ಗೊಬ್ಬರ ಎಂದರೆ ಏನೆಂದು ನಿಮಗೆ ಗೊತ್ತಲ್ಲ. ಮಂದೆಯವರನ್ನು ಬೇಡಿ ಕರೆದು ತೋಟದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. "ಹಿಕ್ಕೆ ಪೂರ್ತಿ ಗುಡಿಸಿ ಬಾವಿ ಪಕ್ಕದ ಮರದ ಬುಡಕ್ಕೆ ಹಾಕ್ಬೇಕು. ಒಪ್ಪಿಗೆಯಾದ್ರೆ ನಡುಮನೇಲೇ ಕಟ್ಕಳಿ" ಎಂದರು. ಗುಡಿಸುವವಳು ಯಾರೆಂದು ಯಾರೂ ಕೇಳಲಿಲ್ಲ. ಹೀಗೆ ಟಗರು ತನ್ನ ಯೋಗ್ಯತೆಯಿಂದ ಮನೆ ಗಿಟ್ಟಿಸಿಕೊಂಡಿತು, ನಾನು ಅದರ ಜೊತೆಗೆ ಬಂದವಳಾದೆ.

ಬಸ್ಸಿನಲ್ಲೂ ಹಾಗೇ. ಕಂಡಕ್ಟರು, "ಟಗರು ಮೇಲಕ್ಕೆ ಹಾಕ್ಲಾ ಸಾರ್?" ಎಂದು ಕೇಳಿದರೆ ಇವರು, "ನಾನೂ ಮೇಲೆ ಕೂರ್ಬೇಕಾಗ್ತದೆ" ಎಂದರು. ಕರಿಯ ಇವರ ಮೊಣಕಾಲಿನ ಮುಂದೆ ಅಡ್ಡ ಮಲಗಿದ. ಕಾಲಿಡಲು ಜಾಗವಿಲ್ಲದೆ ನಾನು ಕಂಬ ಹಿಡಿದು ನಿಂತೇ ಬಂದೆ. ಎದುರು ಸೀಟಿನ ಮುದುಕ ಟಗರಿನ ಬೆನ್ನು ಹಿಸುಕಿ ನೋಡಿ, "ಒಳ್ಳೇ ಮಾಂಸ" ಎಂದ. ಇವರ ಮುಖ ಕಪ್ಪಿಟ್ಟಿತು. ನನಗೇಕೋ ಆ ಮುದುಕ ತೀರ ಕೆಟ್ಟವನು ಅನಿಸಲಿಲ್ಲ.

ದಂಡಿನಶಿವರದಲ್ಲಿ ನನ್ನ ಲೆಕ್ಕಾಚಾರ ಎರಡೇ ದಿನದಲ್ಲಿ ಉಲ್ಟಾ ಆಯಿತು. ಶಿವನಂಜಮ್ಮನ ಹಿಂದೆ ಒಂದು ಸಲ ಕೆರೆ ಏರಿಗೂ ಒಂದು ಸಲ ಬಸ್ ನಿಲ್ಲುವ ಕಡೆಗೂ ಹೋಗಿ ಬಂದ ಟಗರಿಗೆ ದಾರಿ ಬಾಯಿಪಾಠವಾಗಿ ಹೋಯಿತು. ನಾನೇ ಎರಡು ಸಲ ತಪ್ಪಿ ಬೇರೆಯವರ ತೋಟದೊಳಗೆ ನುಗ್ಗಿದ್ದೆ. ಬೆಳಗ್ಗೆ ತಿಂಡಿಯಾದೊಡನೆ ಇಬ್ಬರೂ ಹೊರಡುವರು. ಗಂಟೆಯ ಸದ್ದು ತೆಂಗಿನ ಸಾಲಿನಲ್ಲಿ ಸಣ್ಣಗಾಗುತ್ತಾ ಹೋಗುವುದು. ಮನೆಯಲ್ಲಿ ನಾನು, ಹಿಕ್ಕೆ, ಪೊರಕೆ.

ಒಂದು ದಿನ ಶಿವನಂಜಮ್ಮ ಮೊಳೆತ ಕಾಯೊಂದನ್ನು ಒಡೆದು ಒಳಗಿನ ಉಂಡೆಯನ್ನು ಇವರ ಕೈಗೆ ಕೊಟ್ಟರು. ನನ್ನ ಬಾಯಲ್ಲಿ ನೀರು. ಇವರು ಬೆರಳಿನಿಂದ ಸವರಿ ಮೂಸಿ, "ಆಹಾ!" ಎಂದರು. ಅರ್ಧ ಮಾಡಿದರು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅರ್ಧ ಇವರ ಬಾಯಿಗೆ, ಇನ್ನರ್ಧ ಕರಿಯನ ಬಾಯಿಗೆ. ಕಾಣದ ಕಣ್ಣಿಗೆ ಚಾಚಿದ ಕೈ ಹೇಗೆ ಕಂಡೀತು ಎಂದು ಸಮಾಧಾನ ಮಾಡಿಕೊಂಡೆ. ಕರಿಯನ ಬಾಯಿ ಮಾತ್ರ ಹೇಗೆ ಕಂಡಿತೋ! ಆ ಸಂಜೆ ಪಾತ್ರೆ ತಿಕ್ಕುತ್ತಾ ಊರದೇವತೆಯ ಗುಡಿಯ ಕಡೆಗೆ ಮುಖ ಮಾಡಿ, "ತಾಯೀ, ಇದನ್ನ ಎಲ್ಲಾದ್ರೂ ಕರ್ಕೊಂಡ್ಬುಡು" ಎಂದು ಗೊಣಗಿದೆ. ಗೊಣಗುವುದು ನನಗೆ ಉಸಿರಾಡಿದ ಹಾಗೆ. ಅದನ್ನು ನಾನೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದ ಒಣ ಗರಿ ಆರಿಸುವ ನೆಪದಲ್ಲಿ ಬುಟ್ಟಿ ಹಿಡಿದು ಅವರ ಹಿಂದೆ ಹಿಂದೆ ಹೋಗತೊಡಗಿದೆ. ನಾಲ್ಕಾರು ಮಾರು ದೂರ ಬಿಟ್ಟು, ಬಳೆ ಸದ್ದಾಗದಂತೆ ಮೇಲಕ್ಕೆ ಸರಿಸಿಕೊಂಡು. ಇವರು ಟಗರಿನ ಹತ್ತಿರ ಮಾತಾಡುತ್ತಾ ಹೋಗುತ್ತಿದ್ದರು. ಮಳೆ, ರೇಡಿಯೊ ಸುದ್ದಿ, ಹಳೇ ಹೆಡ್ಮೇಷ್ಟ್ರ ಪೇಟದ ವಿಚಾರ. ನನ್ನ ಜೊತೆ ಬರುವಾಗ "ಹೂಂ" "ಊಹೂಂ" ಬಿಟ್ಟು ಮೂರನೆಯ ಶಬ್ದ ಬಂದದ್ದಿಲ್ಲ.

ಹಾಗೆ ಹೋದ ಒಂದು ಮಂಗಳವಾರ ಬಸ್ ನಿಲ್ಲುವ ಕಡೆ ಹೂವಿನವಳು ಇವರನ್ನು ಕರೆದು ಒಂದು ಮಾರು ಚೆಂಡು ಹೂವು ಕೈಗಿತ್ತಳು. ನಾನು ಅರಳಿಕಟ್ಟೆಯ ಹಿಂದೆ ನಿಂತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಇವರು ತಾವಾಗಿ ಹೂ ಹಿಡಿದು ಬಂದದ್ದು ನಾನು ನೋಡಿಲ್ಲ. ಚೆಂಡು ಹೂವನ್ನು ಯಾರು ಮುಡಿಯುತ್ತಾರೆ ಎಂಬುದೂ ಹೊಳೆಯದೆ ತುರುಬನ್ನು ಮುಟ್ಟಿ ಸರಿಮಾಡಿಕೊಂಡೆ. ಇವರು ಬಗ್ಗಿ, ಕೊಂಬು ತಡವಿ, ಆ ಹೂವನ್ನು ಟಗರಿನ ಕೊರಳಿಗೆ ಕಟ್ಟಿದರು.

ಆಗ ನನ್ನ ಹೊಟ್ಟೆಯಲ್ಲಿ ಹತ್ತಿದ ಉರಿಗೆ ಒಂದು ಹಂಡೆ ನೀರು ಕಾಯುತ್ತಿತ್ತು.

ಹೂವಿನವಳದ್ದೂ ತಪ್ಪಲ್ಲ. ಮಂಗಳವಾರ, ಕರೀ ಟಗರು, ಊರದೇವತೆಯ ಗುಡಿಯ ದಾರಿ. ನಮ್ಮ ಕಡೆ ಯಾರನ್ನು ಕೇಳಿದರೂ ಹರಕೆ ಟಗರು ಎನ್ನುತ್ತಾರೆ. ಇವರಿಗೆ ಮಾತ್ರ ಅದು ಪ್ರೀತಿಯಿಂದ ಕೊಟ್ಟ ಹೂವು. ಇಬ್ಬರೂ ಗಂಟೆ ಆಡಿಸುತ್ತಾ ಬೇವಿನ ಮರದ ಕೆಳಗಿನ ಗುಡಿಯ ಮುಂದೆ ಬಂದರು. ಅಲ್ಲಿ ಒಂದು ಮನೆಯವರು ಹರಕೆ ತೀರಿಸಿ ಒಲೆ ಹೂಡಿದ್ದರು. ಪೂಜಾರಿ ಲಕ್ಕಜ್ಜ ಎದ್ದು ಬಂದು, "ಒಳ್ಳೇ ಹೊತ್ಗೇ ಬಂದ್ರಿ ಸ್ವಾಮಿ, ತೀರ್ಥ ಹಾಕ್ಬುಡ್ಲಾ?" ಎಂದ.

ತೀರ್ಥ ತನಗೆಂದುಕೊಂಡ ಇವರು, "ಆಗ್ಲಿ, ಹಾಕಪ್ಪ" ಎಂದು ಬೊಗಸೆ ಒಡ್ಡಿದರು. ಅರಿಶಿನದ ನೀರು ಟಗರಿನ ನೆತ್ತಿಗೆ ಬಿತ್ತು. ನೀರೆಂದರೆ ಆಗದ ಕರಿಯ ಕಿವಿಯಿಂದ ಬಾಲದ ತನಕ ಮೈ ಒದರಿದ. ಟಗರು ಮೈ ಒದರಿದರೆ ಅಮ್ಮ ಒಪ್ಪಿದಳೆಂದೇ ಲೆಕ್ಕ. "ಒಪ್ಪುದ್ಳು! ಒಪ್ಪುದ್ಳು!" ಎಂದು ಎಲ್ಲರೂ ಕೂಗಿದರು. ಯಾರೋ ಇವರ ಕೈಯಿಂದ ಹಗ್ಗ ಬಿಡಿಸಿಕೊಂಡು ಟಗರನ್ನು ಮರದ ಕಡೆ ಎಳೆದರು.

ಇವರು ಅಲ್ಲೇ ನಿಂತರು. ಬೊಗಸೆ ಹಾಗೇ ಇತ್ತು. "ಕರಿಯಾ? ಏಯ್, ಯಾರಪ್ಪ? ಎಲ್ಲಿಗೆ?" ಎನ್ನುತ್ತಾ ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ. ತಾವು ಎಲ್ಲಿದ್ದೇವೆಂದೇ ಗೊತ್ತಾಗದೆ ಸುತ್ತ ತಿರುಗಿದರು.

ಬುಟ್ಟಿ ಬಿಸಾಕಿ ಓಡಿದೆ. "ಬುಡ್ರಪ್ಪೋ, ಬುಡ್ರಿ! ಅದು ಹರಕೆದಲ್ಲ!" ಎಂದೆ. ನನ್ನ ಗಂಟಲಿಗೆ ಅಷ್ಟು ಜೋರಿದೆಯೆಂದು ನನಗೇ ಗೊತ್ತಿರಲಿಲ್ಲ.

ಲಕ್ಕಜ್ಜ ಶಾಂತವಾಗಿಯೇ ಹೇಳಿದ: "ಅಮ್ಮ ಒಪ್ಬುಟ್ಟವಳೆ ಕಣವ್ವ. ಇನ್ನು ವಾಪಸ್ ಹೆಂಗೆ?"

"ಹರಕೆ ಹೊತ್ತೋರು ಯಾರು? ಹೊತ್ತೋರೇ ಇಲ್ದೆ ಅಮ್ಮ ಯಾವುದಕ್ಕೆ ಒಪ್ತಾಳೆ?"

ಮುದುಕ ತಲೆ ಕೆರೆದುಕೊಂಡ. ಮಾತು ನ್ಯಾಯವಾಗಿತ್ತು. "ಮೇಷ್ಟ್ರೇ, ನೀವು ಹೊತ್ತಿದ್ರಾ?"

"ಇಲ್ಲಪ್ಪ, ದೇವರಾಣೆಗೂ ಇಲ್ಲ."

"ನೀವೇನಾರ ಹೊತ್ಕಂಡಿದ್ರಾ ತಾಯಿ? ಮನಸ್ಸಲ್ಲಾದ್ರೂ?"

ಎಲ್ಲರೂ ನನ್ನನ್ನೇ ನೋಡಿದರು. ಪಾತ್ರೆ ತಿಕ್ಕುತ್ತಾ ಗೊಣಗಿದ್ದು ಥಟ್ಟನೆ ನೆನಪಾಯಿತು. ಗೊಣಗಿದ್ದೂ ಹರಕೆಯೇ? ಆ ತಾಯಿಗೆ ಎಂಥ ಚುರುಕು ಕಿವಿ! ಇವರು ಕೈ ಚಾಚಿದ್ದರು. ನನ್ನ ಮಾತು ಬಂದ ಕಡೆಗಲ್ಲ, ಗಂಟೆ ಸದ್ದು ಬಂದ ಕಡೆಗೆ. ಅದೂ ನನಗೆ ಕಂಡಿತು. ಆ ಹೊತ್ತಿನಲ್ಲೂ ಅದು ಕಾಣದೆ ಇರಲಿಲ್ಲ.

"ಇಲ್ಲ. ನಾನು ಏನೂ ಹೊತ್ತಿಲ್ಲ. ಆ ಟಗರು ಇಲ್ದೆ ಇವ್ರು ಮನೆ ಬಿಟ್ಟು ಕದಲಲ್ಲ. ಕೊಡಿ ಈ ಕಡೆ" ಎಂದು ಹಗ್ಗಕ್ಕೆ ಕೈ ಹಾಕಿದೆ.

"ಸರಿ ಬುಡವ್ವ. ಆದ್ರೆ ಅಮ್ಮಂಗೆ ಬರಿಗೈ ತೋರುಸ್ಬಾರ್ದು. ಬದಲಿಗೆ ಏನಾರ ಕೊಡಿ."

ಯೋಚನೆಯೇ ಬೇಕಾಗಲಿಲ್ಲ. ಕರಿಯನ ಕೊರಳ ಹೂವನ್ನು ಕಿತ್ತು ಲಕ್ಕಜ್ಜನ ಕೈಗೆ ಕೊಟ್ಟೆ. ನನಗಿಲ್ಲದ ಹೂವು ಅವನಿಗೂ ಇಲ್ಲ, ದೇವರಿಗೆ ಹೋಗಲಿ. ಹರಕೆಯ ಮನೆಯವರೇ ಒಂದು ಕಾಯಿ ಕೊಟ್ಟು ಒಡೆಸಿದರು. ನಾನು ಎರಡು ಸಲ ಅಡ್ಡಬಿದ್ದೆ. ಒಂದು ಎಲ್ಲರಿಗೂ ಕಾಣುವ ನಮಸ್ಕಾರ. ಇನ್ನೊಂದು ಗೊಣಗಿದ್ದನ್ನು ವಾಪಸ್ ತೆಗೆದುಕೊಂಡದ್ದು.

ವಾಪಸ್ ಹೊರಟರೆ ಕರಿಯ ಕಂಬದಂತೆ ನಿಂತುಬಿಟ್ಟ. ನಡುಗುತ್ತಿದ್ದ. ಮುಂದೆ ಹೋಗಲಾರ. ಹಾಗಾಗಿ ನಾನು ಮುಂದೆ, ನನ್ನ ಹೆಗಲು ಹಿಡಿದು ಇವರು, ಇವರ ಪಂಚೆಗೆ ಮೂತಿ ಒತ್ತಿಕೊಂಡು ಟಗರು. ಗೆದ್ದ ಸಂಭ್ರಮದಲ್ಲಿ, "ಕಲ್ಲು... ಸಗಣಿ... ಬೇರು, ಕಾಲೆತ್ತಿ..." ಎಂದು ಶುರು ಮಾಡಿದ್ದೆ.

"ದಿನಾ ಹಿಂದೆ ಬರ್ತಿದ್ದೆ, ಇವತ್ತು ಮುಂದೆ" ಎಂದರು ಇವರು.

ನನ್ನ ಕಾಲು ನಿಂತಿತು. "ಹೆಂಗೆ ಗೊತ್ತಾಯ್ತು ನಿಮ್ಗೆ?"

"ಪ್ರತಿ ತಿರುವಲ್ಲೂ ಇವನು ನಿಂತ್ಕೋತಾನೆ ಕಣೇ. ಹಿಂದೆ ತಿರುಗಿ ನೋಡ್ತಾನೆ, ಗಂಟೆ ಸದ್ದಲ್ಲಿ ತಿಳೀತದೆ. ನೀನು ಹತ್ರ ಬಂದ್ಮೇಲೇ ಹೆಜ್ಜೆ ಇಡೋದು. ಮಂದೆ ಪೂರ್ತಿ ಬರ್ಬೇಕು ಅವನಿಗೆ."

"ಗೊತ್ತಿದ್ದೂ ಯಾಕೆ ಕರೀಲಿಲ್ಲ?"

"ಕರೆದಿದ್ರೆ ಪಕ್ಕಕ್ಕೆ ಬಂದು ಕಲ್ಲು, ಸಗಣಿ ಅಂತಿದ್ದೆ. ಹಿಂದೆ ಬರ್ತಿದ್ದೀಯ ಅನ್ನೋ ಧೈರ್ಯದ ಮೇಲೇ ತಾನೆ ನಾನು ಗುಡಿ ತನಕ ಬರ್ತಿದ್ದದ್ದು?"

ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಇಷ್ಟು ದಿನ ನನಗಾಗಿ ತಿರುವಿನಲ್ಲಿ ಕಾದು ನಿಂತದ್ದು ಆ ಟಗರು. ಕಾದದ್ದನ್ನು ಕೇಳಿಸಿಕೊಂಡು ಸುಮ್ಮನಿದ್ದದ್ದು ಇವರು. ಸವತಿಯೇ ಒಳ್ಳೆಯವಳಾದರೆ ಹೊಟ್ಟೆಕಿಚ್ಚನ್ನು ಎಲ್ಲಿ ಇಟ್ಟುಕೊಳ್ಳುವುದು ಹೇಳಿ.

"ನಾಳೆ ನಾನೂ ಜೊತೇಲೇ ಬತ್ತೀನಿ, ಪಕ್ಕದಲ್ಲಿ" ಎಂದೆ.

"ದಾರಿ ಸಣ್ಣದು ಕಣೇ, ಮೂರು ಜನ ಹಿಡಿಸಲ್ಲ. ಹಿಂದೇನೇ ಬಾ."

ಮನೆ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಶಿವನಂಜಮ್ಮ ಸುದ್ದಿ ಕೇಳಿ, "ಲಿಂಗ ಕಟ್ಟಿದ ಮನೆ ಟಗರು ಮಾರಿ ಗುಡಿ ಮುಂದೆ ಒದರ್ತಂತೆ, ಶಿವಶಿವಾ!" ಎಂದು ಕರಿಯನ ಹಣೆಗೂ ಒಂದು ಗೆರೆ ವಿಭೂತಿ ಬಳಿದರು. ನಾನು ಮುದ್ದೆ ತೊಳಸಿದೆ. ಹುರುಳಿಕಾಳಿನ ಬಸ್ಸಾರು, ಪಲ್ಯ, ಶಿವನಂಜಮ್ಮ ಕೊಟ್ಟ ನೀರು ಮಜ್ಜಿಗೆ. ಇವರು ಒಂದೂವರೆ ಮುದ್ದೆ ಉಂಡರು, ನಾನು ಎರಡು. ಟಗರಿಗೆ ಪಾತ್ರೆಯ ತಳ ಹಿಡಿದ ಮುದ್ದೆಯ ಸೀಕಲನ್ನೂ ಹುರುಳಿ ಕಟ್ಟನ್ನೂ ಕಲಸಿ ಈ ಸಲ ನಾನೇ ಇಟ್ಟೆ. ಮೂಸಿ ನೋಡಿ, ಇವರ ಕಡೆ ತಿರುಗಿ, ಇವರು "ತಿನ್ನೋ" ಎಂದ ಮೇಲೆ ತಿಂದಿತು. ಆಮೇಲೆ ನಡುಮನೆಯ ತಣ್ಣನೆಯ ನೆಲದಲ್ಲಿ ಚಾಪೆ ಹಾಸಿದೆ. ಇವರು ನಡುವೆ ಒರಗಿದರು, ಈ ಕಡೆ ನಾನು, ಆ ಕಡೆ ಟಗರು. ಮೊದಲು ನಿದ್ದೆ ಹೋದವರು ಇವರೇ. ಸ್ವಲ್ಪ ಹೊತ್ತಿನ ಮೇಲೆ ನಿದ್ದೆಗಣ್ಣಿನಲ್ಲೇ, "ಬಾ" ಎಂದರು. ನಾನೂ ಕರಿಯನೂ ಒಟ್ಟಿಗೇ ತಲೆ ಎತ್ತಿದೆವು.